ದುರ್ಬೀನು ಹಿಡಿದವರ ಸಂಗಡ



ಹಾವೇರಿ ಜಿಲ್ಲೆಯ ತಾಯಿಯೊಬ್ಬರು ಕಳೆದ ತಿಂಗಳು ಬರೆದ ಪತ್ರವೊಂದು ನನ್ನ ಮೇಜಿನ ಮೇಲಿದೆ. ಅವರ ಮಗಳು ಕುಂದಾಪುರದಲ್ಲಿ ವಸತಿನಿಲಯದಲ್ಲಿದ್ದುಕೊಂಡು ಪದವಿ ವ್ಯಾಸಂಗ ಮಾಡುತ್ತಿದ್ದಾಳೆ. ಭಾನುವಾರ ಬಂದರೆ ನಸುಕಿನಲ್ಲಿಯೇ ಎದ್ದು, ಹತ್ತು ಹದಿನೈದು ಜನರ ಕೂಟವೊಂದರ ಸಂಗಡ ಹಕ್ಕಿ ನೋಡಲು ಹೊರಟುಬಿಡುತ್ತಾಳಂತೆ. ಪೂಜೆಯ ಹೊತ್ತಿನಲ್ಲಿ ಕಡಲ ದಂಡೆಯಲ್ಲಿ ನಿಂತು ಹಕ್ಕಿ ಎಣಿಸುವುದರಿಂದ ಆಗುವ ಪ್ರಯೋಜನವಾದರೂ ಏನು, ಕಳುಹಿಸಬಹುದೆ, ಬೇಡವೆನ್ನಬೇಕೆ ಎಂದು ಆ ತಾಯಿ ಕೇಳಿದ್ದಾರೆ. ಈ ಪ್ರಶ್ನೆಗೆ ಶಾಸ್ತ್ರಾಧಾರದಿಂದ ಉತ್ತರಿಸುವ ಅಗತ್ಯ ನನಗಿಲ್ಲ. ಅಂತಹುದೇ ಕೂಟವೊಂದರಲ್ಲಿ ಆರು ವರ್ಷಗಳಿಂದ ನಾನೂ ಒಬ್ಬನಾಗಿದ್ದೇನೆ.

ಮಠದ ಪಾಠಶಾಲೆಯಲ್ಲಿ ಓದಿ ಬೆಳೆದವನಾದ ನನಗೆ ಹಕ್ಕಿಗಳ ಪರಿಚಯವಾದದ್ದು ನಿಘಂಟಿನಲ್ಲಿ. ಚಕೋರ, ಚಾತಕ, ಕ್ರೌಂಚ, ಹಂಸ ಇವೆಲ್ಲ ಕಂಠಪಾಠವಾಗಿದ್ದವು. ಮರದ ಮೇಲೆ ಕುಳಿತ ಹಕ್ಕಿ ಮಾತ್ರ ಬರಿಯ ಹಕ್ಕಿಯಾಗಿತ್ತು. ಬಾಲ್ಯದಲ್ಲಿ ಗದಗ ಸೀಮೆಯ ಮಾಗಡಿ ಕೆರೆಯ ದಂಡೆಯ ಮೇಲೆ ನಡೆದು ಹೋಗುವಾಗ ಬೂದುಬಣ್ಣದ ದೊಡ್ಡ ಬಾತುಗಳು ನೂರಾರು ಕುಳಿತಿರುತ್ತಿದ್ದವು. ಅವು ಪಟ್ಟೆತಲೆಯ ಹೆಬ್ಬಾತುಗಳೆಂದೂ, ಟಿಬೆಟ್ಟು ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುತ್ತವೆಂದೂ ಆಗ ಯಾರೂ ಹೇಳಲಿಲ್ಲ. ಕವಿಗಳ ಹಂಸವೆಂದರೆ ಈ ಹೆಬ್ಬಾತೇ ಎಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ಹಂಸವನ್ನು ಕುರಿತು ಪಾಠ ಓದಿ, ಸಂಜೆ ಹಂಸದ ಮುಂದೆಯೇ ಹಾದು ಮಠಕ್ಕೆ ಮರಳುತ್ತಿದ್ದ ಹುಡುಗ ನಾನು! ಆ ಕೆರೆ ೨೦೨೪ರಲ್ಲಿ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಹಾಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರದೊಡನೆ, ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಮಗನ ಉದ್ಯೋಗದ ನಿಮಿತ್ತ ಕುಂದಾಪುರಕ್ಕೆ ಬಂದು ನೆಲೆಸಿದ ಮೇಲೆ, ನೆರೆಮನೆಯ ನಿವೃತ್ತ ಅಂಚೆ ನೌಕರರೊಬ್ಬರು ನನ್ನನ್ನು ಕೂಟಕ್ಕೆ ಕರೆದೊಯ್ದರು. ಬೆಳಗಿನ ಆರು ಗಂಟೆಗೆ ಶಾಸ್ತ್ರಿ ಸರ್ಕಲ್‌ನಲ್ಲಿ ಎಲ್ಲರೂ ಸೇರುವುದು ರೂಢಿ. ಒಂದು ವಾರ ಕುಂದಾಪುರದ ಕೋಡಿ, ಮತ್ತೊಂದು ವಾರ ಬೈಂದೂರಿನ ಒತ್ತಿನೆಣೆ, ಇನ್ನೊಮ್ಮೆ ಬ್ರಹ್ಮಾವರದ ಕಡೆಗೆ ಬಾರ್ಕೂರಿನ ಗದ್ದೆಬಯಲು ಅಥವಾ ಸೀತಾ ಸುವರ್ಣಾ ನದಿಗಳು ಕಡಲನ್ನು ಸೇರುವ ಕೋಡಿಬೆಂಗ್ರೆ. ಬ್ಯಾಂಕಿನವರು, ಶಿಕ್ಷಕಿಯರು, ಗ್ಯಾರೇಜಿನ ಹುಡುಗ, ಕಾಲೇಜು ವಿದ್ಯಾರ್ಥಿಗಳು, ನನ್ನಂತಹ ಬಿಳಿತಲೆಯವರು, ಎಲ್ಲರೂ ಅಲ್ಲಿದ್ದಾರೆ. ಕುಲಗೋತ್ರವನ್ನು ಯಾರೂ ಕೇಳುವುದಿಲ್ಲ, ದುರ್ಬೀನನ್ನು ಕೇಳುತ್ತಾರೆ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ ಸಾಧಾರಣ ದುರ್ಬೀನು ಸಾಕು. ಅದಕ್ಕಿಂತ ಹೆಚ್ಚಿನದನ್ನು ಹಿಡಿದರೆ ಮುದುಕರ ಕೈ ನಡುಗಿ, ಹಕ್ಕಿಯೂ ನಡುಗುವಂತೆ ಕಾಣುತ್ತದೆ.

ಇಂತಹ ಕೂಟಗಳು ಹೊಸತೇನಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರ ಪಕ್ಷಿವೀಕ್ಷಕರು ಸೇರುವ ಪರಿಪಾಠ ದಶಕಗಳಷ್ಟು ಹಳೆಯದು. ನಮ್ಮ ಸಮೀಪದ ಮಣಿಪಾಲದಲ್ಲಿಯೂ ಇಂತಹ ಕೂಟವಿದೆ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಡೇಗೆಯನ್ನು ಪಳಗಿಸಿ ಇತರ ಹಕ್ಕಿಗಳನ್ನು ಬೇಟೆಯಾಡುವ ವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅರಸರು ಕೊಂದು ವಿನೋದಪಟ್ಟರು. ಇವರು ದೂರ ನಿಂತು ನೋಡಿ ಬರೆದುಕೊಂಡು ಮನೆಗೆ ಹೋಗುತ್ತಾರೆ.

ಕೋಡಿಯಲ್ಲಿ ಹಕ್ಕಿ ನೋಡಬೇಕಾದರೆ ಪಂಚಾಂಗಕ್ಕಿಂತ ಮೊದಲು ಭರತ ಇಳಿತಗಳ ವೇಳಾಪಟ್ಟಿಯನ್ನು ನೋಡಬೇಕು. ಪಂಚಗಂಗಾವಳಿಯ ನೀರು ಇಳಿದಾಗ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಗದ್ದೆಗೊರವಗಳು, ಬೆಳ್ಳಕ್ಕಿಗಳು, ಬಿಲ್ಲಿನಂತೆ ಬಾಗಿದ ಕೊಕ್ಕಿನ ಕರ್ಲ್ಯೂಗಳು ಆ ಕೆಸರಿನೊಳಗಿನ ಹುಳುಗಳನ್ನೂ ಏಡಿಮರಿಗಳನ್ನೂ ಹೆಕ್ಕಲು ದೂರದೂರಕ್ಕೆ ಹರಡಿಕೊಳ್ಳುತ್ತವೆ. ನೀರು ಏರತೊಡಗಿದಂತೆ ಬಯಲು ಕಿರಿದಾಗಿ, ಹಕ್ಕಿಗಳು ತಾವಾಗಿಯೇ ನಮ್ಮ ಸಮೀಪಕ್ಕೆ ಸರಿಯುತ್ತವೆ. ಆದುದರಿಂದ ಏರುವ ನೀರಿನ ಒಂದೆರಡು ಗಂಟೆಯೇ ಪ್ರಶಸ್ತ. ಈ ಹೊತ್ತು ದಿನಕ್ಕೆ ಸುಮಾರು ೫೦ ನಿಮಿಷ ಮುಂದಕ್ಕೆ ಹೋಗುವುದರಿಂದ ಪ್ರತಿ ಭಾನುವಾರವೂ ಲೆಕ್ಕ ಬೇರೆ. ಮೊದಲ ದಿನ ಇದಾವುದೂ ತಿಳಿಯದೆ ತುಂಬು ನೀರಿನ ಮುಂದೆ ನಿಂತಿದ್ದ ನನ್ನನ್ನು, ಕಪ್ಪೆಚಿಪ್ಪು ಆರಿಸುವ ಹೆಂಗಸೊಬ್ಬಳು "ಹ್ವಾಯ್, ಹಕ್ಕಿ ಕಾಂಬುಕೆ ಬಂದದ್ದಾ? ನೀರ್ ಇಳೀಲಿ" ಎಂದು ನಕ್ಕಿದ್ದಳು. ಆಕೆಗೆ ದುರ್ಬೀನಿನ ಹಂಗಿರಲಿಲ್ಲ.

ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದೊಂದು ಮಣ್ಣುಬಣ್ಣದ ಹಕ್ಕಿ ಆ ಮರಳಿನಲ್ಲಿ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಪುಸ್ತಕಗಳು ಅದನ್ನು ಟಿಬೆಟಿನ ಮರಳು ಪ್ಲವರ್ ಎನ್ನುತ್ತವೆ. ಟಿಬೆಟ್ಟು ಲಡಾಖುಗಳ ಎತ್ತರದ ನಾಡಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕರಾವಳಿಗೆ ಇಳಿಯುತ್ತದೆ. ಕೈಲಾಸಯಾತ್ರೆಗೆಂದು ನಮ್ಮವರು ವರ್ಷಗಟ್ಟಲೆ ಹಣ ಕೂಡಿಡುತ್ತಾರೆ. ಈ ಜೀವ ಗಂಟುಮೂಟೆಯಿಲ್ಲದೆ ಆ ಕಡೆಯಿಂದ ವರ್ಷವರ್ಷವೂ ಬಂದು ಹೋಗುತ್ತದೆ. ಇದಕ್ಕಿಂತ ಬೆರಗಿನ ಸಂಗತಿಯೂ ಇದೆ. ೨೦೨೨ರ ಅಕ್ಟೋಬರಿನಲ್ಲಿ ಪಟ್ಟೆಬಾಲದ ಗಾಡ್‌ವಿಟ್ ಜಾತಿಯ ಐದು ತಿಂಗಳ ಮರಿಯೊಂದು ಅಲಾಸ್ಕದಿಂದ ಹೊರಟು, ಎಲ್ಲಿಯೂ ಇಳಿಯದೆ ೧೧ ದಿನಗಳಲ್ಲಿ ೧೩,೫೬೦ ಕಿಲೋಮೀಟರು ಹಾರಿ ಟಾಸ್ಮೇನಿಯ ತಲುಪಿತು. ಬೆನ್ನಿಗೆ ಕಟ್ಟಿದ್ದ ಪುಟ್ಟ ಯಂತ್ರ ಉಪಗ್ರಹಕ್ಕೆ ಸುಳಿವು ಕೊಡುತ್ತಿದ್ದುದರಿಂದ ಇದು ತಿಳಿಯಿತು.

ಚಾತಕದ ಮಾತನ್ನೂ ಹೇಳಿಬಿಡಬೇಕು. ಮಳೆಯ ಹನಿಯನ್ನಲ್ಲದೆ ಬೇರೆ ನೀರನ್ನು ಚಾತಕ ಮುಟ್ಟದೆಂದು ದಶಕಗಳ ಕಾಲ ತರಗತಿಯಲ್ಲಿ ಪಾಠ ಹೇಳಿದವನು ನಾನು. ಒತ್ತಿನೆಣೆಯ ಇಳಿಜಾರಿನಲ್ಲಿ ವಿದ್ಯಾರ್ಥಿನಿಯೊಬ್ಬಳು, ಕಪ್ಪು ಬಿಳುಪು ಮೈಯ, ತಲೆಯ ಮೇಲೆ ಜುಟ್ಟುಳ್ಳ ಹಕ್ಕಿಯೊಂದನ್ನು ತೋರಿಸಿ, "ಸರ್, ಇದೇ ನಿಮ್ಮ ಚಾತಕ" ಎಂದಳು. ಅದು ಕಂಬಳಿಹುಳುವೊಂದನ್ನು ಕೊಂಬೆಗೆ ಬಡಿದು ನುಂಗುತ್ತಿತ್ತು. ಕೋಗಿಲೆಯ ಬಳಗಕ್ಕೆ ಸೇರಿದ ಇದು ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೊಣೆ ಕಳೆದುಕೊಳ್ಳುತ್ತದೆಂದೂ ಆಕೆ ಹೇಳಿದಳು. ಕವಿಸಮಯಕ್ಕೆ ಇದರಿಂದ ಧಕ್ಕೆಯೇನೂ ಆಗದು. ನಲವತ್ತು ವರ್ಷ ನಾನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲವಲ್ಲ ಎಂಬ ನಾಚಿಕೆ ಮಾತ್ರ ಉಳಿಯಿತು. ಅಕ್ಕಮಹಾದೇವಿ ತನ್ನ ಒಡೆಯನ ಸುಳಿವನ್ನು ಹಕ್ಕಿಗಳಲ್ಲಿ ವಿಚಾರಿಸಿದ ವಚನವನ್ನು ನಾವೆಲ್ಲ ಹಾಡುತ್ತೇವೆ. ಆಕೆ ಅವುಗಳನ್ನು ಬೇರೆ ಬೇರೆಯಾಗಿ, ಹೆಸರು ಹಿಡಿದು ಕರೆದಳೆಂಬುದು ನನಗೆ ಹೊಳೆದದ್ದು ಆ ದಿನ.

ಎಣಿಕೆಯಿಂದ ಪ್ರಯೋಜನವೇನೆಂದು ಆ ತಾಯಿ ಕೇಳಿದ್ದಾರೆ. ಕೂಟದವರು ಒಂದೆಡೆ ಕನಿಷ್ಠ ಹದಿನೈದು ನಿಮಿಷ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಪಟ್ಟಿ ಮಾಡಿ ಇ-ಬರ್ಡ್ ಎಂಬ ದಾಖಲೆಗೆ ಸೇರಿಸುತ್ತಾರೆ. ದೊಡ್ಡ ಹಿಂಡಾದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಳತೆ ಮಾಡಿ, ಉಳಿದುದನ್ನು ಆ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ದೇಶದ ೩೦,೦೦೦ಕ್ಕೂ ಹೆಚ್ಚು ಜನರ ಇಂತಹ ಪಟ್ಟಿಗಳನ್ನು ಆಧರಿಸಿ ೨೦೨೩ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಪ್ರಕಟವಾಯಿತು. ೯೪೨ ಪ್ರಭೇದಗಳನ್ನು ಪರಿಶೀಲಿಸಿದ ಆ ವರದಿ, ೧೭೮ ಪ್ರಭೇದಗಳಿಗೆ ತುರ್ತು ರಕ್ಷಣೆ ಬೇಕೆಂದಿತು. ದೀರ್ಘಕಾಲದ ಲೆಕ್ಕ ಸಿಕ್ಕ ೩೩೮ ಪ್ರಭೇದಗಳಲ್ಲಿ ನೂರಕ್ಕೆ ಅರವತ್ತರಷ್ಟು ಇಳಿಮುಖವಾಗಿವೆ. ನವಿಲು, ಕೋಗಿಲೆಗಳು ಹೆಚ್ಚುತ್ತಿವೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ. ಶಿವನ ಹೆಸರನ್ನು ಹೊತ್ತ ಆ ಹಕ್ಕಿ ಬಾರ್ಕೂರಿನ ಗದ್ದೆಯ ತಂತಿಯ ಮೇಲೆ ಕಂಡ ದಿನ ನಮ್ಮ ಗ್ಯಾರೇಜಿನ ಹುಡುಗ ಎಲ್ಲರಿಗೂ ಚಹಾ ಕೊಡಿಸುತ್ತಾನೆ.

ಇನ್ನು, ಬರೆಯಲು ಕೈ ಹಿಂಜರಿಯುವ ಸಂಗತಿ.

ಬಿಳಿಹೊಟ್ಟೆಯ ಕಡಲಹದ್ದು ನಮ್ಮ ಕರಾವಳಿಯ ಹಿರಿಯ ಹಕ್ಕಿ. ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದಲ್ಲಿ ಅದರ ಗೂಡುಗಳು ಬಹುವಾಗಿದ್ದುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎ. ಓ. ಹ್ಯೂಮ್ ದಾಖಲಿಸಿದ್ದಾನೆ (ಮುಂದೆ ೧೮೮೫ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮ್ ಈತನೇ). ದಡದ ಮೇಲೆಯೂ ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಅಟ್ಟಣೆ ಕಟ್ಟಿ, ಒಂದೇ ಜೋಡಿ ವರ್ಷವರ್ಷವೂ ಅದೇ ಗೂಡಿಗೆ ಮರಳುತ್ತದೆ. ಮೂರು ವರ್ಷಗಳ ಹಿಂದೆ ನಮ್ಮ ಕೂಟಕ್ಕೆ ಅಂತಹ ಗೂಡೊಂದನ್ನು ನೋಡುವ ಭಾಗ್ಯ ಒದಗಿತು. ಮನೆಯ ಹಿತ್ತಿಲಲ್ಲಿಯೇ ಮರ. ಆ ಮನೆಯ ವೃದ್ಧೆ ಹನ್ನೊಂದು ವರ್ಷಗಳಿಂದ, ದೀಪಾವಳಿಯ ಬಳಿಕ ಹದ್ದುಗಳು ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದರು. ನಾನು ಆನಂದಪರವಶನಾಗಿ ಇದೇ ಅಂಕಣದಲ್ಲಿ ಬರೆದೆ. ಊರಿನ ಹೆಸರನ್ನು, ಮರವನ್ನು, ದಾರಿಯನ್ನು ಸಹ ಬರೆದೆ. ವರ್ಣನೆ ಚೆನ್ನಾಗಿದೆಯೆಂದು ಅನೇಕರು ಪತ್ರ ಬರೆದರು.

ಯಾರೋ ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಹಂಚಿದರು. ಮುಂದಿನ ವಾರಗಳಲ್ಲಿ ಕಾರುಗಳು ಬಂದವು. ಉದ್ದನೆಯ ಕ್ಯಾಮೆರಾದವರು ಹಿತ್ತಿಲಿಗೆ ನುಗ್ಗಿದರು. ಒಬ್ಬ ಡ್ರೋನನ್ನೇ ಗೂಡಿನ ಮೇಲೆ ಹಾರಿಸಿದ. ಕಾವು ಕೂರುವ ಕಾಲದಲ್ಲಿ ಹಕ್ಕಿ ಮತ್ತೆ ಮತ್ತೆ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗಳಿಗೆ ದಾರಿಯಾಗುತ್ತದೆ. ಸಂಕ್ರಾಂತಿಯ ವೇಳೆಗೆ ಗೂಡು ಬರಿದಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಕ್ಕಿಗೆ ಅತ್ಯುನ್ನತ ರಕ್ಷಣೆಯಿದೆ ನಿಜ. ಆ ಕಾಯ್ದೆಯ ಮಾತನ್ನೂ ನಾನು ಆ ಲೇಖನದಲ್ಲಿ ಬರೆದಿದ್ದೆ.

ಮರುವರ್ಷ ದೀಪಾವಳಿ ಕಳೆದ ಮೇಲೆ ಆ ಮನೆಗೆ ಹೋದೆ. ವೃದ್ಧೆ ಬೆಲ್ಲ ನೀರು ಕೊಟ್ಟು ಕೂರಿಸಿದರು. "ಮಾಷ್ಟ್ರೆ, ನೀವ್ ಬರ್ದದ್ದ್ ಚಂದ ಇತ್ತ್. ಹಕ್ಕಿ ಈ ವರ್ಷ ಬರ್ಲಿಲ್ಲ" ಎಂದರು. ಅಷ್ಟೇ. ಗೋಡೆಯ ಕ್ಯಾಲೆಂಡರಿನ ಕಡೆಗೆ ನಾನು ನೋಡಲಿಲ್ಲ.

ಕೆಲವು ತಿಂಗಳು ಕೂಟಕ್ಕೆ ಹೋಗುವುದನ್ನೇ ಬಿಟ್ಟೆ. ನೆರೆಮನೆಯ ಅಂಚೆಯವರು ಒಂದು ಮುಂಜಾನೆ ಬಂದು ಬಾಗಿಲು ತಟ್ಟಿದರು. ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ನೀರು ಏಳು ಗಂಟೆಗೆ ಏರುತ್ತದೆ, ಚಪ್ಪಲಿ ಹಾಕಿಕೊಳ್ಳಿ ಎಂದರು. ಅಂದಿನಿಂದ ಕೂಟದಲ್ಲಿ ಕೆಲವು ಕಟ್ಟಳೆಗಳಾಗಿವೆ. ಗೂಡಿನ ಜಾಗವನ್ನು ಹೊರಗೆ ಹೇಳಕೂಡದು, ಗೂಡಿನ ಚಿತ್ರ ತೆಗೆಯಕೂಡದು, ಹಕ್ಕಿಯನ್ನು ಹತ್ತಿರ ಸೆಳೆಯಲು ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಕೂಡದು. ಮರಿ ಮಾಡುವ ಕಾಲದಲ್ಲಿ ಆ ಕೂಗು ಕೇಳಿದ ಹಕ್ಕಿ, ತನ್ನ ಎಲ್ಲೆಗೆ ವೈರಿ ಬಂದನೆಂದು ಗೂಡು ಬಿಟ್ಟು ಓಡಿ ಬರುತ್ತದೆ. ಹೊಸಬರಿಗೆ ಇದನ್ನು ಹೇಳುವ ಕೆಲಸವನ್ನು ನನಗೆ ವಹಿಸಿದ್ದಾರೆ. ಕಾರಣವನ್ನೂ ನಾನೇ ಹೇಳುತ್ತೇನೆ.

ಈ ವರ್ಷ ದೀಪಾವಳಿ ಕಳೆದು ಹತ್ತು ದಿನಕ್ಕೆ ಆ ವೃದ್ಧೆ ದೂರವಾಣಿ ಮಾಡಿದ್ದರು. ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಾವೇರಿಯ ತಾಯಿಯವರಲ್ಲಿ ನನ್ನ ವಿನಂತಿ ಇಷ್ಟು: ಮಗಳನ್ನು ಕಳುಹಿಸಿ. ಯಾರೊಡನೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ತಾಯಿಯ ಹಕ್ಕು. ಕೂಟದ ಹಿರಿಯರೊಬ್ಬರ ದೂರವಾಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಪೂಜೆಯನ್ನು ನಸುಕಿನಲ್ಲಿಯೇ ಮುಗಿಸಿ ಹೊರಡುವವರು ನಮ್ಮಲ್ಲಿ ಇಬ್ಬರು ಮೂವರಿದ್ದಾರೆ. ಕೆಂಪು ಹಳದಿಯ ಬಟ್ಟೆ ಬೇಡ, ಮಣ್ಣುಬಣ್ಣದ್ದು ಇರಲಿ. ಕುಡಿಯುವ ನೀರು, ಟೋಪಿ, ಒಂದು ಪುಟ್ಟ ನೋಟುಪುಸ್ತಕ ಸಾಕು. ರಜೆಯಲ್ಲಿ ಊರಿಗೆ ಬಂದವಳು ಮರಳುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡಿ. ಕರಾವಳಿಯವರು ಕಡುಬು ಇಡ್ಲಿಗಳನ್ನು ತಂದು ನಮಗೆ ಹಂಚುತ್ತಲೇ ಇರುತ್ತಾರೆ. ನಮ್ಮ ಕಡೆಯದೂ ಒಂದಿಷ್ಟು ಆ ಮರಳಿನ ಮೇಲೆ ಅವರ ಪಾಲಿಗೆ ಬರಲಿ.