ಬೀರುವಿನಲ್ಲೇ ಉಳಿಯುವ ಸಂಶೋಧನೆ

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವವರಿಗೆ ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ತರಗತಿ ಇರುವುದಿಲ್ಲ. ಆ ಎರಡು ದಿನ ಅವರು ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಹೊರಗಿನ ಬೆಂಚಿನ ಮೇಲೋ, ಬಾಲಮಂದಿರದ ವರಾಂಡದಲ್ಲೋ, ಕೊಳೆಗೇರಿಯ ಅಂಗನವಾಡಿಯಲ್ಲೋ ಇರುತ್ತಾರೆ. ಪಠ್ಯಕ್ರಮದಲ್ಲಿ ಇದರ ಹೆಸರು ಕ್ಷೇತ್ರಕಾರ್ಯ, ವಿದ್ಯಾರ್ಥಿಗಳ ಬಾಯಲ್ಲಿ ಬರೀ ‘ಫೀಲ್ಡ್’. ಅಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಬರೆದು, ಮಾರ್ಗದರ್ಶಕರ ಸಹಿ ಹಾಕಿಸಿ, ಸೆಮಿಸ್ಟರ್ ಕೊನೆಗೆ ವೈವಾದಲ್ಲಿ ಒಪ್ಪಿಸಬೇಕು. ವೈವಾ ಮುಗಿದ ಮೇಲೆ ಆ ವರದಿಗಳು ವಿಭಾಗದ ಬೀರು ಸೇರುತ್ತವೆ. ಅವನ್ನು ಮತ್ತೆ ತೆರೆದು ಓದುವವರು ಅಪರೂಪ.

ಸುಮ್ಮನೆ ಒಂದು ಲೆಕ್ಕ ಹಾಕಬಹುದು. ವಾರಕ್ಕೆ ಎರಡು ದಿನ, ಸೆಮಿಸ್ಟರಿಗೆ 15 ವಾರ ಎಂದಿಟ್ಟುಕೊಂಡರೆ ನಾಲ್ಕು ಸೆಮಿಸ್ಟರಿಗೆ 120 ದಿನ. ತರಗತಿಯಲ್ಲಿ 40 ಮಂದಿ ಇದ್ದರೆ 4,800 ದಿನಗಳ ಒಡನಾಟ. ಇಷ್ಟು ದಿನ ಬಡವರ, ರೋಗಿಗಳ, ನಿರ್ಗತಿಕ ಮಕ್ಕಳ ಪಕ್ಕದಲ್ಲಿ ಕೂತು ಬರೆದುಕೊಳ್ಳುವ ಅವಕಾಶ ವಿಶ್ವವಿದ್ಯಾಲಯದ ಬೇರೆ ಯಾವ ವಿಭಾಗಕ್ಕಿದೆ? ಆದರೂ ಸಮಾಜಕಾರ್ಯ ವಿಭಾಗಗಳಲ್ಲಿ ‘ಸಂಶೋಧನೆ’ ಎಂದರೆ ಕೊನೆಯ ಸೆಮಿಸ್ಟರಿನಲ್ಲಿ ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ, ಬೈಂಡ್ ಮಾಡಿಸಿ ಕೊಡುವ ಕಿರುಪ್ರಬಂಧ ಎಂದೇ ಆಗಿಬಿಟ್ಟಿದೆ. ಕ್ಷೇತ್ರಕಾರ್ಯ ಒಂದು ಕಡೆ, ಸಂಶೋಧನೆ ಇನ್ನೊಂದು ಕಡೆ. ಈ ಶಿಕ್ಷಣದ ದೊಡ್ಡ ನಷ್ಟ ಇರುವುದು ಇಲ್ಲೇ.

ಈ ದೇಶದಲ್ಲಿ ಸಮಾಜಕಾರ್ಯ ಶಿಕ್ಷಣ ಶುರುವಾದದ್ದು ಹೀಗಲ್ಲ. 1920ರ ದಶಕದಲ್ಲಿ ಮುಂಬೈಗೆ ಬಂದ ಅಮೆರಿಕದ ಪಾದ್ರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ನಾಗಪಾಡಾದ ಕಾರ್ಮಿಕರ ಕೇರಿಯಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದರು. ಇಂಥ ಕೆಲಸಕ್ಕೆ ಒಳ್ಳೆಯ ಮನಸ್ಸಷ್ಟೇ ಸಾಲದು, ತರಬೇತಿಯೂ ಬೇಕು ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ದೊರಾಬ್ಜಿ ಟಾಟಾ ಟ್ರಸ್ಟ್ ಬೆಂಬಲ ಕೊಟ್ಟಿತು, 1936ರಲ್ಲಿ ಶಾಲೆ ತೆರೆಯಿತು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆಯಿತು, 1964ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅಂದರೆ ಕೇರಿಯ ಕೆಲಸ ಮೊದಲು, ತರಗತಿ ಆಮೇಲೆ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲೇ ಆರಂಭವಾಯಿತು. ಈಗ ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ, ಅನೇಕ ಕಾಲೇಜುಗಳಲ್ಲಿ ಎಂಎಸ್‌ಡಬ್ಲ್ಯೂ ಇದೆ.

ಮುಂಬೈನ ಆ ಸಂಸ್ಥೆ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು. ಕ್ಷೇತ್ರದಲ್ಲಿ ಎದುರಾದ ಸಮಸ್ಯೆಗೆ ಸಣ್ಣ ಪ್ರಮಾಣದಲ್ಲಿ ಪರಿಹಾರ ಹುಡುಕಿ, ಅದು ಕೆಲಸಕ್ಕೆ ಬಂದರೆ ಸರ್ಕಾರದ ಕೈಗೆ ಒಪ್ಪಿಸುವ ರೂಢಿಯನ್ನು ಅದು ಬೆಳೆಸಿತು. 1984ರಲ್ಲಿ ಮುಂಬೈ ಪೊಲೀಸ್ ವ್ಯವಸ್ಥೆಯ ಒಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ಶುರುವಾಯಿತು. ಗಂಡನ ಮನೆಯಲ್ಲಿ ಹೊಡೆತ ತಿಂದು ಠಾಣೆಗೆ ಬಂದ ಹೆಂಗಸಿನ ಮುಂದೆ ಖಾಕಿ ತೊಟ್ಟವರ ಜೊತೆಗೆ ತರಬೇತಾದ ಸಮಾಜ ಕಾರ್ಯಕರ್ತೆಯೂ ಕೂರುವ ಏರ್ಪಾಡು ಅದು. ಹೆಂಗಸು ಹೇಳಿದ್ದನ್ನು ಕೇಳುವುದು, ದೂರು ದಾಖಲಿಸಲು ನೆರವಾಗುವುದು, ತಂಗಲು ಜಾಗ ಹುಡುಕುವುದು, ವಕೀಲರ ಬಳಿ ಕಳಿಸುವುದು ಎಲ್ಲವೂ ಒಂದೇ ಕಡೆ. ಮುಂದೆ ಮಹಾರಾಷ್ಟ್ರ ಸರ್ಕಾರ ಅದನ್ನು ತನ್ನ ಕಾರ್ಯಕ್ರಮವನ್ನಾಗಿ ಮಾಡಿಕೊಂಡಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು.

1098 ಎಂಬ ಮಕ್ಕಳ ಸಹಾಯವಾಣಿಯ ಹುಟ್ಟೂ ಅಲ್ಲೇ. ಅದೇ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳ ನಡುವೆ ಓಡಾಡುತ್ತ ಕಂಡುಕೊಂಡ ಅಗತ್ಯದಿಂದ 1996ರಲ್ಲಿ ಚೈಲ್ಡ್‌ಲೈನ್ ಶುರುವಾಯಿತು. ಆಮೇಲೆ ಅದು ದೇಶದ ತುಂಬ ಹರಡಿತು, ಸಮಾಜಕಾರ್ಯ ಓದಿದವರಿಗೆ ಅಲ್ಲಿ ಕೆಲಸವೂ ಸಿಕ್ಕಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಕಠೋರವಾದದ್ದು. ಬಿಹಾರ ಸರ್ಕಾರ ತನ್ನ ಆಶ್ರಯಧಾಮಗಳ ಸಾಮಾಜಿಕ ಪರಿಶೋಧನೆಯನ್ನು ಈ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ವಹಿಸಿತ್ತು. 2018ರಲ್ಲಿ ಸಲ್ಲಿಕೆಯಾದ ವರದಿಯಿಂದಲೇ ಮುಜಫ್ಫರ್‌ಪುರದ ಬಾಲಕಿಯರ ವಸತಿಗೃಹದಲ್ಲಿ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಬಯಲಿಗೆ ಬಂತು. ಸಿಬಿಐ ತನಿಖೆ ನಡೆಯಿತು, ಸುಪ್ರೀಂ ಕೋರ್ಟ್ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು, 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಪು ಬಂತು. ಮಕ್ಕಳ ಜೊತೆ ಕೂತು ಮಾತಾಡಿಸಲು ಕಲಿತವರು ಬರೆದ ವರದಿ ಅದು. ಹೌದು, ಇಲ್ಲ ಎಂದು ಗೆರೆ ಎಳೆಯುವ ಪ್ರಶ್ನಾವಳಿ ಹಿಡಿದು ಹೋಗಿದ್ದರೆ ಆ ಹುಡುಗಿಯರು ಬಾಯಿ ಬಿಡುತ್ತಿದ್ದರೆ?

ಮುಂಬೈಗೆ ಟಾಟಾ ಟ್ರಸ್ಟಿನ ಬಲವಿತ್ತು, ನಮ್ಮ ವಿಭಾಗಗಳಿಗೆ ಏನಿದೆ ಎಂದು ಕೇಳುವವರಿದ್ದಾರೆ. ಅವರಿಗೆ ಕರ್ನಾಟಕದಲ್ಲೇ ಉತ್ತರ ಸಿಗುತ್ತದೆ. ಸಮಾಜಕಾರ್ಯದ ಅಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯ ಒಂದು ಹಳ್ಳಿಯ ಮುದುಕ ಮುದುಕಿಯರ ಬದುಕನ್ನು ಹತ್ತಿರದಿಂದ ಕಂಡು ಬರೆದ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ ಕೃತಿಯನ್ನು ಕರ್ನಾಟಕ ವಿಶ್ವವಿದ್ಯಾಲಯ 1969ರಲ್ಲಿ ಪ್ರಕಟಿಸಿತು. ವೃದ್ಧಾಪ್ಯದ ಬಗ್ಗೆ ಈಗಿನಷ್ಟು ಚರ್ಚೆ ಇಲ್ಲದ ಕಾಲದಲ್ಲಿ ಒಂದೇ ಊರಿನಿಂದ ಹುಟ್ಟಿದ ಪುಸ್ತಕ ಅದು.

ಬಳ್ಳಾರಿಯದು ಇನ್ನೂ ದೊಡ್ಡ ಕಥೆ. ಮಾನಸಿಕ ಕಾಯಿಲೆಯವರನ್ನೆಲ್ಲ ಬೆಂಗಳೂರಿಗೇ ಕರೆತರುವುದು ಆಗದ ಮಾತು ಎಂದು ಅರಿತ ನಿಮ್ಹಾನ್ಸ್, 1985ರಿಂದ ಸುಮಾರು ಐದು ವರ್ಷ ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೇಕಾದ ಔಷಧ ಅಲ್ಲೇ ಸಿಗುವಂತೆ ಮಾಡಿ, ಸರಳವಾದ ದಾಖಲೆ ಇಡಿಸಿತು. 1996ರಲ್ಲಿ ದೇಶದ ಮಟ್ಟದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ಮನೋವೈದ್ಯರ ಜೊತೆಗೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಿಗೂ ಆ ಕಾರ್ಯಕ್ರಮದ ತಂಡದಲ್ಲಿ ಸ್ಥಾನವಿದೆ.

ಇಷ್ಟೆಲ್ಲ ಕಣ್ಣೆದುರಿಗಿದ್ದೂ ವಿಭಾಗಗಳು ಈ ದಾರಿ ಹಿಡಿಯದಿರುವುದಕ್ಕೆ ಕಾರಣಗಳಿವೆ. ಮೊದಲನೆಯದು ಅಧ್ಯಾಪಕರ ಬಡ್ತಿಯ ಲೆಕ್ಕ. ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ಅಂಕವಿದೆ. ಕೊಳೆಗೇರಿಯಲ್ಲಿ ವಿದ್ಯಾರ್ಥಿಯ ಪಕ್ಕ ನಿಂತು ‘ಈ ಮನೆಯ ಯಜಮಾನಿ ಯಾಕೆ ಮಾತಾಡಲಿಲ್ಲ ಗೊತ್ತಾಯ್ತೇನಪ್ಪ?’ ಎಂದು ಕೇಳಿದ ಗಂಟೆಗೆ ಅಂಥ ಅಂಕವಿಲ್ಲ. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಕಾಲೇಜಿನಲ್ಲಂತೂ ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಎಂಬ ಸ್ಥಿತಿ. ಅಂಥವರು ಹತ್ತು ವರ್ಷದ ಕೆಲಸಕ್ಕೆ ಕೈಹಾಕಲಿ ಎಂದು ಯಾವ ಬಾಯಿಂದ ಹೇಳುವುದು?

ಎರಡನೆಯ ಕಾರಣ ಉದ್ಯೋಗ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. ಸಮಾಜಕಾರ್ಯ ಪದವಿಗೆ ಅದರಿಂದ ಬೆಲೆ ಬಂತು, ಜೊತೆಗೆ ಓದು ಎಚ್‌ಆರ್ ಕಡೆಗೆ ವಾಲಿತು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಗುವುದಾದರೆ ಸಾಲ ಮಾಡಿ ಓದಿಸಿದ ಮನೆಯ ಹುಡುಗಿ ಸಮುದಾಯ ಅಭಿವೃದ್ಧಿ ಬಿಟ್ಟು ಎಚ್‌ಆರ್ ಆರಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ತರಗತಿಯ ಬಹುಪಾಲು ಆ ಕಡೆ ಹೋದಾಗ ಕ್ಷೇತ್ರಕಾರ್ಯ ಹಾಜರಿ ಪುಸ್ತಕದ ವ್ಯವಹಾರವಾಗುತ್ತದೆ.

ಮೂರನೆಯದು ನಿಯಮಗಳ ಗೊಂದಲ. ವಕೀಲರಿಗೆ, ವೈದ್ಯರಿಗೆ, ದಾದಿಯರಿಗೆ ಪರಿಷತ್ತುಗಳಿವೆ. ಸಮಾಜಕಾರ್ಯಕ್ಕೂ ಒಂದು ರಾಷ್ಟ್ರೀಯ ಪರಿಷತ್ತು ಬೇಕೆಂದು 1993ರಲ್ಲೇ ಕರಡು ಮಸೂದೆ ಸಿದ್ಧವಾಗಿತ್ತು, ಅದು ಕಾಯ್ದೆಯಾಗಲಿಲ್ಲ. ಇನ್ನೊಂದು ತೊಡಕು ನೋಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಎನಿಸಿಕೊಳ್ಳಲು ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕು ಎನ್ನುತ್ತದೆ. ಯುಜಿಸಿಯ 2022ರ ನಿಯಮಾವಳಿ ಎಂಫಿಲ್ ಪದವಿಯನ್ನೇ ನಿಲ್ಲಿಸಿತು. ಆಮೇಲೆ ಎಚ್ಚೆತ್ತು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂಫಿಲ್‌ಗಳಿಗೆ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತು. ಒಂದು ಕೈ ಕೇಳುವ ಪದವಿಯನ್ನು ಇನ್ನೊಂದು ಕೈ ರದ್ದು ಮಾಡಿದರೆ ಜಿಲ್ಲಾಸ್ಪತ್ರೆಯ ಕುರ್ಚಿಯಲ್ಲಿ ಕೂರುವವರು ಯಾರು?

ಪರಿಷತ್ತು, ಕಾಯ್ದೆ ದೆಹಲಿಯಲ್ಲಿ ಆಗಬೇಕಾದ ಕೆಲಸಗಳು. ಕ್ಷೇತ್ರಕಾರ್ಯದ ವರದಿಗಳ ವಿಷಯ ಹಾಗಲ್ಲ, ಅದು ವಿಭಾಗದ ಅಧ್ಯಯನ ಮಂಡಳಿಯ ಕೈಯಲ್ಲೇ ಇದೆ.

ಈ ವರದಿಗಳನ್ನು ಸಂಶೋಧನೆಯ ಸಾಮಗ್ರಿಯಾಗಿ ಸಂಗ್ರಹಿಸಿಡಬೇಕು ಎಂದರೆ ಎರಡು ಆಕ್ಷೇಪಗಳು ಬರಬಹುದು. ಇಪ್ಪತ್ತೆರಡರ ಹರೆಯದವರ ವರದಿಯಲ್ಲಿ ಏನು ತಾನೇ ಇರುತ್ತದೆ ಎಂಬುದು ಒಂದು. ಹುರುಳಿಲ್ಲದ ವರದಿಗಳು ಬೇಕಾದಷ್ಟಿವೆ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದೂ ಇವೆ ನಿಜ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದವರು ಇನ್ನು ಹೇಗೆ ಬರೆದಾರು? ಎರಡನೆಯದು ಗುಟ್ಟಿನ ಪ್ರಶ್ನೆ, ಅದು ನಿಜಕ್ಕೂ ತೂಕದ್ದು. ಆಸ್ಪತ್ರೆಯಲ್ಲಿ ಹೇಳಿಕೊಂಡ ಮಾತು ಊರ ಬಾಯಿಗೆ ಬೀಳಬಾರದು. ಹೆಸರು, ಊರು, ಜಾತಿಯ ಗುರುತು ಅಳಿಸದೆ ಒಂದು ಹಾಳೆಯನ್ನೂ ಸಂಗ್ರಹಕ್ಕೆ ಸೇರಿಸಬಾರದು, ಹೇಳಿಕೊಂಡವರ ಒಪ್ಪಿಗೆ ಇರಲೇಬೇಕು. ಇದನ್ನು ಕಲಿಸುವುದೂ ಸಂಶೋಧನೆಯ ಪಾಠವೇ.

ಮಾಡಬಹುದಾದ್ದು ಇಷ್ಟು. ಪ್ರತಿ ವಿಭಾಗ ಒಂದು ಹೋಬಳಿಯನ್ನೋ ನಗರದ ಒಂದು ವಾರ್ಡನ್ನೋ ಹತ್ತು ವರ್ಷಕ್ಕೆ ತನ್ನ ಕ್ಷೇತ್ರವೆಂದು ಆರಿಸಿಕೊಳ್ಳಲಿ. ಈ ವರ್ಷದ ವಿದ್ಯಾರ್ಥಿಗಳು ನಿಲ್ಲಿಸಿದ ಕಡೆಯಿಂದ ಮುಂದಿನವರು ಶುರು ಮಾಡಲಿ. ವರದಿಯನ್ನು ಕನ್ನಡದಲ್ಲಿ ಬರೆಯಲು ಬಿಡಲಿ, ಜನ ಹೇಳಿದ ಮಾತು ಅವರ ಮಾತಿನಲ್ಲೇ ಉಳಿಯುತ್ತದೆ. ಅಧ್ಯಾಪಕರು ಕ್ಷೇತ್ರದಲ್ಲಿ ಕಳೆದ ಗಂಟೆಗಳು ಪಾಠದ ಗಂಟೆಗಳಷ್ಟೇ ಪೂರ್ತಿಯಾಗಿ ಕಾರ್ಯಭಾರದ ಲೆಕ್ಕಕ್ಕೆ ಸೇರಲಿ. ವರ್ಷದ ಕೊನೆಗೆ ಕಂಡುಕೊಂಡದ್ದನ್ನು ಮೊದಲು ಆ ಊರಿನ ಗ್ರಾಮಸಭೆಯಲ್ಲೋ ವಾರ್ಡಿನ ಸಭೆಯಲ್ಲೋ ಓದಲಿ. ‘ಇದು ಹೀಗಲ್ಲ, ನೀವು ತಪ್ಪು ಬರೆದುಕೊಂಡಿದ್ದೀರಿ’ ಎಂದು ಊರವರು ತಿದ್ದಿದರೆ ಆ ತಿದ್ದುಪಡಿಯೂ ವರದಿಯೊಳಗೆ ಬರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಮುಂದಿನ ಅಧ್ಯಯನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಸೇರಿಸಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಶುರು ಮಾಡಬಹುದು.