ಮನೆತನದ ಗುಟ್ಟು, ಆಸ್ತಿಯ ಲೆಕ್ಕ

ಮನೆತನದ ಗುಟ್ಟನ್ನು ಬೆನ್ನಟ್ಟುವ ಥ್ರಿಲ್ಲರ್ ಕಾದಂಬರಿಗಳನ್ನು ಹೊತ್ತು ಕಳೆಯುವ ಓದು ಎಂದು ಬದಿಗೆ ಸರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕೊನೆಯ ಪುಟದಲ್ಲಿ ಗುಟ್ಟು ರಟ್ಟಾಯಿತೆಂದರೆ ಪುಸ್ತಕದ ಕೆಲಸ ಮುಗಿಯಿತು ಎನ್ನುವ ಭಾವನೆ ಇದರ ಹಿಂದಿದೆ. ಇದನ್ನು ಒಪ್ಪಲು ನನ್ನಿಂದಾಗದು. ಈ ಬಗೆಯ ಒಳ್ಳೆಯ ಕಾದಂಬರಿಯಲ್ಲಿ ಗುಟ್ಟು ಏನು ಎಂಬುದಕ್ಕಿಂತ, ಅದು ಗುಟ್ಟಾಗಿಯೇ ಉಳಿದರೆ ಯಾರಿಗೆ ಲಾಭ, ಅದರ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯೇ ದೊಡ್ಡದು. ಆ ಪ್ರಶ್ನೆಯನ್ನು ಕೈಬಿಡದೆ ಓದುತ್ತ ಹೋದರೆ ಮಾನ, ಮರ್ಯಾದೆ, ವಂಶದ ಹೆಸರು ಎಂಬ ಮಾತುಗಳ ಕೆಳಗೆ ಬಹುಪಾಲು ಆಸ್ತಿಯೇ ಕಾಣಿಸುತ್ತದೆ.

ಈ ಪ್ರಕಾರಕ್ಕೆ ತಳಪಾಯ ಹಾಕಿದ ಪುಸ್ತಕಗಳಲ್ಲಿ ಒಂದು ವಿಲ್ಕಿ ಕಾಲಿನ್ಸ್‌ನ ‘ದ ವುಮನ್ ಇನ್ ವೈಟ್’. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1859–60ರಲ್ಲಿ ಅದು ಧಾರಾವಾಹಿಯಾಗಿ ಬಂತು. ಅದರಲ್ಲಿನ ಖಳ ಸರ್ ಪರ್ಸಿವಲ್ ಗ್ಲೈಡ್‌ನ ತಂದೆತಾಯಿ ಮದುವೆಯೇ ಆಗಿರಲಿಲ್ಲ. ಅಂದಿನ ಕಾನೂನಿನಂತೆ ಬಿರುದಾಗಲಿ ಜಮೀನಾಗಲಿ ಅವನಿಗೆ ಸೇರತಕ್ಕದ್ದಲ್ಲ. ಹಾಗಾಗಿ ಅವನು ಹಳ್ಳಿಯ ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಅವರಿಬ್ಬರ ಹೆಸರನ್ನು ಕಳ್ಳತನದಿಂದ ಸೇರಿಸಿಬಿಟ್ಟಿದ್ದಾನೆ. ನಾಯಕ ಆ ಪುಟ ತೆರೆದಾಗ ಕಾಣುವುದಿಷ್ಟು: ಪುಟದ ತಳದ ಇಕ್ಕಟ್ಟಿನಲ್ಲಿ ಒಂದು ನಮೂದನ್ನು ತುರುಕಿ ಬರೆದಂತಿದೆ. ಬೇರೆ ಊರಿನ ವಕೀಲರ ಬಳಿ ಇಟ್ಟಿದ್ದ ಅದೇ ರಿಜಿಸ್ಟರಿನ ನಕಲು ಪ್ರತಿಯನ್ನು ತೆಗೆದರೆ ಆ ಜಾಗ ಖಾಲಿ ಇದೆ. ಇಡೀ ಕಾದಂಬರಿಯಲ್ಲಿ ಎದೆ ಝಲ್ಲೆನ್ನುವ ಕ್ಷಣ ಇದು. ಅಲ್ಲಿರುವುದು ಒಂದು ದಾಖಲೆ ಪುಸ್ತಕ ಮಾತ್ರ. ನಾಯಕಿ ಲಾರಾಳ ಪಾಡೂ ಕಾಗದದಿಂದಲೇ ಆರಂಭವಾಗುತ್ತದೆ. ಅವಳು ಮಕ್ಕಳಿಲ್ಲದೆ ಸತ್ತರೆ ಅವಳ 20,000 ಪೌಂಡು ಗಂಡ ಗ್ಲೈಡ್‌ಗೆ ಸೇರಬೇಕೆಂಬ ಷರತ್ತು ಮದುವೆಯ ಕರಾರಿನಲ್ಲಿದೆ. ಮನೆತನದ ವಕೀಲ ಬೇಡವೆಂದು ಗೋಗರೆದರೂ, ತನಗೆ ತಾಪತ್ರಯ ಬೇಡವೆಂದು ಚಿಕ್ಕಪ್ಪ ಒಪ್ಪಿಬಿಡುತ್ತಾನೆ. ಅವಳನ್ನು ಇನ್ನೊಬ್ಬಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿ, ಅವಳ ಹೆಸರಿನಲ್ಲಿ ಇನ್ನೊಬ್ಬಳನ್ನು ಹೂಳುವ ಸಂಚು ಹುಟ್ಟುವುದು ಆ ಷರತ್ತಿನಿಂದ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಸರಿಯಾದ ಹಕ್ಕು ಸಿಕ್ಕಿದ್ದು 1882ರ ಕಾಯ್ದೆಯಿಂದ. ಕಾಲಿನ್ಸ್ ಅದಕ್ಕೆ ಎರಡು ದಶಕ ಮೊದಲೇ ಆ ಗಾಯಕ್ಕೆ ಬೆರಳಿಟ್ಟಿದ್ದ.

ಕನ್ನಡದಲ್ಲಿ ಇದೇ ಲೆಕ್ಕಾಚಾರ ಕಾಣುವುದು ಥ್ರಿಲ್ಲರ್ ಎಂದು ಯಾರೂ ಕರೆಯದ ಪುಸ್ತಕಗಳಲ್ಲಿ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ತನ್ನ ಹೊಡೆತವನ್ನು ಬಚ್ಚಿಟ್ಟುಕೊಂಡಿರುವುದು ಒಂದು ಮನೆತನದ ಗುಟ್ಟಿನಲ್ಲಿ. ಶ್ರೀನಿವಾಸ ಶ್ರೋತ್ರಿಗಳು ಯಾವ ವಂಶಶುದ್ಧಿಗಾಗಿ ಬದುಕಿಡೀ ನೇಮದಿಂದ ನಡೆದರೋ ಆ ವಂಶಕ್ಕೆ ತಾವು ಸೇರಿದವರೇ ಅಲ್ಲ ಎಂಬುದು ಮುಪ್ಪಿನಲ್ಲಿ ತಿಳಿಯುತ್ತದೆ. ಆಸ್ತಿ ದಾಯಾದಿಗೆ ಹೋಗಬಾರದೆಂಬ ಹಟದಿಂದ ತಂದೆ ಎನಿಸಿಕೊಂಡವನೇ ಆ ಹುಟ್ಟಿನ ಏರ್ಪಾಟು ಮಾಡಿದ್ದ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಮೆಲುದನಿಯದು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಸಿರಿವಂತವಾದ ಮನೆ ಅದು. ಅವನನ್ನು ಹುಡುಕಿಕೊಂಡು ಅಡುಗೆ ಮಾಡಿ ತಂದ ಹೆಂಗಸನ್ನು ಮನೆಮಂದಿ ಬೈದು ಅಟ್ಟುತ್ತಾರೆ. ಅವಳು ಯಾರು, ಅವನಿಗೇನಾಗಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅನ್ನದ ಋಣ ಎಲ್ಲರ ಬಾಯಿ ಕಟ್ಟಿಹಾಕಿದೆ. ಬಾಯಿಬಿಟ್ಟು ಪ್ರಶ್ನಿಸಿದವಳು ಹೊರಗಿನಿಂದ ಬಂದ ಸೊಸೆ ಒಬ್ಬಳೇ. ಪುಸ್ತಕ ಮುಗಿಯುವ ಹೊತ್ತಿಗೆ ಅವಳಿಗೇನಾಯಿತೋ ಎಂಬ ದಿಗಿಲು ಓದುಗನನ್ನು ಹಿಡಿಯುತ್ತದೆ, ಆದರೆ ಲೇಖಕರು ಒಂದು ಮಾತನ್ನೂ ಬಿಟ್ಟುಕೊಡುವುದಿಲ್ಲ.

ಇವೆಲ್ಲ ಕಟ್ಟುಕತೆ ಎನ್ನುವವರು ನಮ್ಮ ಕಂದಾಯ ಇಲಾಖೆಯ ಕಾಗದಗಳನ್ನೊಮ್ಮೆ ನೋಡಬೇಕು. ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ಮಾಡಿಸುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಮಗಳ ಹೆಸರೋ ಎರಡನೆಯ ಹೆಂಡತಿಯ ಮಕ್ಕಳ ಹೆಸರೋ ಬಿಟ್ಟುಹೋದರೆ ಅದು ಕಾಲಿನ್ಸ್ ಬರೆದ ರಿಜಿಸ್ಟರಿನಷ್ಟೇ ದೊಡ್ಡ ಕತೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೂ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು ನಿಂತಿಲ್ಲ. ತವರು ಬೇಕೋ ಪಾಲು ಬೇಕೋ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆಡದೆಯೂ ಅದು ನಾಟುತ್ತದೆ. ಊರ್ಜಿತವಲ್ಲದ ಮದುವೆಯಿಂದ ಹುಟ್ಟಿದ ಮಕ್ಕಳಿಗೂ ಒಟ್ಟು ಕುಟುಂಬದ ಆಸ್ತಿಯಲ್ಲಿ ತಮ್ಮ ತಂದೆತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ. ಊರಿಗೆಲ್ಲ ಗೊತ್ತಿದ್ದು ಮನೆಯಲ್ಲಿ ಮಾತ್ರ ಯಾರೂ ಎತ್ತದ ಸಂಗತಿಗಳು ಕೋರ್ಟಿನ ಕಟ್ಟೆ ಹತ್ತುವುದು ಪಾಲಿನ ಪ್ರಶ್ನೆ ಬಂದಾಗ.

ಗುಟ್ಟು ತಿಳಿದ ಮೇಲೆ ಮತ್ತೆ ಓದುವುದೇನಿದೆ ಎಂಬ ಆಕ್ಷೇಪ ಹಳೆಯದು. ‘ಘಾಚರ್ ಘೋಚರ್’ ಅನ್ನು ಎರಡನೆಯ ಸಲ ಓದಿದವರಿಗೆ ಇದು ನಿಲ್ಲುವ ಮಾತಲ್ಲವೆಂದು ಗೊತ್ತು. ಮೊದಲ ಓದಿನಲ್ಲಿ ಮನೆಯವರ ಅನ್ಯೋನ್ಯದಂತೆ ಕಂಡ ಹರಟೆ ಎರಡನೆಯ ಓದಿನಲ್ಲಿ ಹೆದರಿಸುತ್ತದೆ. ತಿರುವಿಗಾಗಿಯೇ ತಿರುವು ಕೊಡುವ ಕಳಪೆ ಪುಸ್ತಕಗಳು ರಾಶಿ ಬಿದ್ದಿವೆ, ಅವನ್ನು ಸಮರ್ಥಿಸುವ ಗೋಜಿಗೆ ನಾನು ಹೋಗುವುದಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಎಲ್ಲ ಮೌನವೂ ದುಡ್ಡಿನದಲ್ಲ, ದತ್ತು ಬಂದ ಮಗುವಿನ ಮನಸ್ಸು ನೋಯದಿರಲೆಂದು, ಕಾಯಿಲೆಯವರ ಮರ್ಯಾದೆ ಉಳಿಯಲೆಂದು ಪ್ರೀತಿಯಿಂದ ಮುಚ್ಚಿಡುವುದೂ ಉಂಟು, ಅಲ್ಲೂ ಸಂಚು ಹುಡುಕುವ ಚಟವನ್ನು ಇಂಥ ಓದು ಅಂಟಿಸುತ್ತದೆ ಎನ್ನುತ್ತಾರೆ. ಪ್ರೀತಿಯ ಮೌನ ಇದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದನ್ನು ಗುರುತಿಸಲು ಬೇಕಾದದ್ದೂ ಅದೇ ಪ್ರಶ್ನೆ: ಮುಚ್ಚಿಟ್ಟವರಿಗೆ ಇದರಿಂದ ಏನು ಸಿಕ್ಕಿತು? ಗ್ಲೈಡ್ ತನ್ನ ಗುಟ್ಟು ಹೊರಬೀಳುತ್ತದೆಂದಾಗ ರಿಜಿಸ್ಟರನ್ನೇ ಇಲ್ಲವಾಗಿಸಲು ಹೋಗಿ ಚರ್ಚಿನ ಕೋಣೆಯ ಬೆಂಕಿಗೆ ಸಿಕ್ಕಿ ಸಾಯುತ್ತಾನೆ. ಶ್ರೋತ್ರಿಗಳು ಸತ್ಯ ತಿಳಿದೊಡನೆ ಆಸ್ತಿಗೆ ನಿಜವಾದ ವಾರಸುದಾರರನ್ನು ಹುಡುಕಲು ಹೊರಡುತ್ತಾರೆ, ಸಿಗದಿದ್ದಾಗ ಎಲ್ಲವನ್ನೂ ದಾನ ಮಾಡುತ್ತಾರೆ. ಆ ಕಾದಂಬರಿಯನ್ನು ಸಂಪ್ರದಾಯ ಮತ್ತು ಆಧುನಿಕತೆಯ ತಿಕ್ಕಾಟವಾಗಿ ನಾವು ಇಷ್ಟು ವರ್ಷ ಚರ್ಚಿಸಿದ್ದೇವೆ. ಅದರ ಬುಡದಲ್ಲಿರುವ ದಾಯಾದಿಗಳ ಆಸ್ತಿ ಜಗಳವನ್ನು ಅಷ್ಟೇ ಗಮನವಿಟ್ಟು ಓದುವ ಕೆಲಸ ಇನ್ನೂ ಬಾಕಿ ಇದೆ.