ಕಂಪ್ಯೂಟರ್‌ನಲ್ಲಿ ಕೂತ ಹಲಗೆ ಮನೆಯಲ್ಲೂ ಕೂರಬೇಕು

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮನೆ ಕಟ್ಟಿಸುವ ಎಷ್ಟೋ ಜನ ಈಗ ವಾರ್ಡ್‌ರೋಬು, ಅಡುಗೆಮನೆ ಕಪಾಟುಗಳನ್ನು ಮೊದಲು ಕಂಪ್ಯೂಟರ್‌ನಲ್ಲಿ ನೋಡುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಜೋಡಿಸುವಾಗ.

ಒಂದು ಲೆಕ್ಕ ನೋಡಿ. ಕಪಾಟಿನ ಹೊರ ಅಗಲ 600 ಮಿಲಿಮೀಟರ್. ಎರಡೂ ಪಕ್ಕಕ್ಕೆ 18 ಮಿಲಿಮೀಟರ್ ಪ್ಲೈವುಡ್. ಅಂದಮೇಲೆ ಒಳಗಿನ ಶೆಲ್ಫಿಗೆ ಉಳಿಯುವುದು 564 ಮಾತ್ರ. ಚಿತ್ರ ಬರೆದವರು ಶೆಲ್ಫಿಗೂ 600 ಎಂದೇ ಇಟ್ಟರೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಅಲ್ಲಿ ಒಂದು ಹಲಗೆಯೊಳಗೆ ಇನ್ನೊಂದು ತೂರಿಕೊಂಡು ಕೂರುತ್ತದೆ. ನಿಜವಾದ ಹಲಗೆ ಹಾಗೆ ಕೂರುವುದಿಲ್ಲ. ಡೋವೆಲ್ ಕಡ್ಡಿಯ ತೂತು ಎರಡು ಹಲಗೆಯಲ್ಲೂ ಒಂದೇ ನೇರಕ್ಕೆ ಬರದಿದ್ದರೂ ಇದೇ ಪಾಡು.

ಆಗ ಬೈಸಿಕೊಳ್ಳುವವನು ಬಡಗಿ. ಹಲಗೆಯನ್ನು ಮತ್ತೆ ಕೊಯ್ದ ದಿನದ ಕೂಲಿಗೂ ಚೌಕಾಶಿ. ಅವರಲ್ಲಿ ನಮ್ಮ ಊರುಗಳಿಂದ ಹೋದವರೂ ಇದ್ದಾರೆ.

ನನ್ನ ಮಾತು ಇಷ್ಟೆ. ಹಲಗೆ ಕೊಯ್ಯುವ ಮೊದಲು ಚಿತ್ರವನ್ನು ಬಡಗಿಗೆ ತೋರಿಸಿ. ಯಾವ ಹಲಗೆ ಯಾವುದಕ್ಕೆ ತಾಗಿ ನಿಲ್ಲುತ್ತದೆ, ಸ್ಕ್ರೂ ಎಲ್ಲಿ ಬರುತ್ತದೆ ಎಂದು ಅದರಲ್ಲೇ ಬರೆದಿರಲಿ. ಚಿತ್ರ ತಪ್ಪಿದ್ದರೆ ಆ ದಿನದ ಕೂಲಿಯನ್ನು ಚಿತ್ರ ಬರೆದವರೇ ಕೊಡಲಿ.

ಬಡಗಿ ಮನೆಯ ಮಕ್ಕಳೂ ಮೌಸ್ ಹಿಡಿಯಲಿ. ಫ್ರೀಕ್ಯಾಡ್ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ, ವಿಚಾರಿಸಿ ನೋಡಿ. ಹಲಗೆಯ ದಪ್ಪವನ್ನು ಬೆರಳಲ್ಲೇ ಅಳೆಯಬಲ್ಲವರು ಚಿತ್ರ ಬರೆದರೆ, ಲೆಕ್ಕ ತಪ್ಪುವುದೂ ಕಡಿಮೆ, ಕೂಲಿ ಕಳೆದುಕೊಳ್ಳುವುದೂ ಕಡಿಮೆ.